ನಂಬದವನ ಬಾಯಲ್ಲಿ ಶಾಸ್ತ್ರ

ಕಳೆದ ಮಾಘಮಾಸದ ಒಂದು ಭಾನುವಾರ ನಮ್ಮ ತಾತನ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ವಾಚಕರ ಮುಂದಿಡುತ್ತೇನೆ.

ನನ್ನ ದೊಡ್ಡಮ್ಮನ ಮಗಳು ಗಂಡನನ್ನು ಕಳೆದುಕೊಂಡು ನಾಲ್ಕು ವರ್ಷವಾಯಿತು. ಅವಳಿಗಿನ್ನೂ ಮೂವತ್ತು ತುಂಬಿಲ್ಲ. ಅವಳೊಡನೆ ಕೆಲಸ ಮಾಡುವ ಸಜ್ಜನನೊಬ್ಬ ಮದುವೆಯ ಮಾತೆತ್ತಿದ್ದಾನೆ. ಕಾನೂನಿನ ಅಡ್ಡಿಯಿಲ್ಲ, ಅವಳಿಗೂ ಒಪ್ಪಿಗೆಯೇ. ಆದರೆ ತೊಂಬತ್ತರ ಹೊಸ್ತಿಲಲ್ಲಿರುವ ತಾತ ‘ಹೂಂ’ ಎನ್ನದೆ ಹೆಜ್ಜೆಯಿಡುವ ಸ್ವಭಾವ ಅವಳದಲ್ಲ.

ನಮ್ಮ ಸೋದರಮಾವ ಅಪ್ಪಟ ನಾಸ್ತಿಕರು. ಸಂಧ್ಯಾವಂದನೆ ಬಿಟ್ಟು ನಲವತ್ತು ವರ್ಷವಾಯಿತೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರು. ಅಂಥವರು ಅಂದು ಕಂಕುಳಲ್ಲಿ ಪರಾಶರಸ್ಮೃತಿಯನ್ನು ಇರುಕಿಕೊಂಡು ಬಂದರು! ನಾಲ್ಕನೆಯ ಅಧ್ಯಾಯವನ್ನು ತೆರೆದು, ಗಂಡ ಕಣ್ಮರೆಯಾದರೆ, ಸತ್ತರೆ, ಸಂನ್ಯಾಸಿಯಾದರೆ, ಷಂಡನಾದರೆ, ಪತಿತನಾದರೆ ಹೆಣ್ಣು ಬೇರೊಬ್ಬನನ್ನು ವರಿಸಬಹುದೆಂಬ ಶ್ಲೋಕವನ್ನು ಗಟ್ಟಿಯಾಗಿ ಓದಿದರು.

ತಾತ ಕನ್ನಡಕ ತೆಗೆದು ಕೇಳಿದರು: “ನೀನು ನಂಬದ ಪುಸ್ತಕವನ್ನು ನನ್ನ ಮುಂದೆ ಯಾಕಯ್ಯ ಓದುತ್ತೀಯೆ?”

“ನೀವು ನಂಬುತ್ತೀರಲ್ಲ ಅಪ್ಪ, ಅದಕ್ಕೇ.”

“ಹಾಗಾದರೆ ಅದರ ಮುಂದಿನ ಶ್ಲೋಕವನ್ನೂ ಓದು.”

ಮಾವನವರು ಪುಟದ ಮೇಲೆ ಕಣ್ಣಾಡಿಸಿ ಸುಮ್ಮನಾದರು. ಮುಂದಿನ ಶ್ಲೋಕ, ಗಂಡ ಸತ್ತ ಮೇಲೆ ಬ್ರಹ್ಮಚರ್ಯದಲ್ಲಿರುವವಳಿಗೆ ಸ್ವರ್ಗವನ್ನು ವಿಧಿಸುತ್ತದೆ. ಅದರ ಮುಂದಿನದು ಸಹಗಮನವನ್ನು ಹೊಗಳುತ್ತದೆ.

ತಾತನ ಪ್ರಶ್ನೆ ಹೊಸದಲ್ಲ. ನಂಬದವನು ಶಾಸ್ತ್ರವಾಕ್ಯವನ್ನು ಎತ್ತಿದಾಗಲೆಲ್ಲ ನಂಬುವವರು ಇದನ್ನೇ ಕೇಳುತ್ತಾರೆ. ಇದು ಕಪಟವೆಂದು ಕೆಲವರಿಗೆ ತೋರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ವಾದದಲ್ಲಿ ಎದುರಾಳಿ ಒಪ್ಪಿದ ಪ್ರಮಾಣದಿಂದಲೇ ಎದುರಾಳಿಯನ್ನು ಕಟ್ಟಿಹಾಕುವುದು ನಮ್ಮ ದೇಶದ ಹಳೆಯ ಕ್ರಮ. ಚಂದ್ರಕೀರ್ತಿಯಂಥ ಬೌದ್ಧ ಪಂಡಿತರು ತಮ್ಮದೆಂಬ ಪ್ರತಿಜ್ಞೆಯನ್ನೇ ಮುಂದಿಡದೆ, ಪ್ರತಿವಾದಿಯ ಮಾತು ಎಂಥ ಅನರ್ಥಕ್ಕೆ ಒಯ್ಯುತ್ತದೆಂದು ತೋರಿಸಿ ಗೆಲ್ಲುತ್ತಿದ್ದರು. ಊರಿನಲ್ಲಿ ಯಾವ ನಾಣ್ಯ ನಡೆಯುವುದೋ ಅದನ್ನೇ ಅಲ್ಲವೆ ಸಂತೆಗೆ ಒಯ್ಯಬೇಕಾದದ್ದು?

ಆದರೆ ‘ಮುಂದಿನ ಶ್ಲೋಕ’ದ ತೊಡಕು ಇದೆ. ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಾಧವಾಚಾರ್ಯರ ಹೆಸರಿನಲ್ಲಿ ಬಂದ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯವೇ ಚಾರ್ವಾಕದರ್ಶನ. ಅಲ್ಲಿ ವೇದವನ್ನು ಧೂರ್ತರ ಪ್ರಲಾಪವೆಂದು ಹಳಿಯುವ ಚಾರ್ವಾಕನು ತನ್ನ ಮತಕ್ಕೆ ಆಧಾರವಾಗಿ ಬೃಹದಾರಣ್ಯಕ ಉಪನಿಷತ್ತಿನ ವಾಕ್ಯವನ್ನೇ ಮುಂದೆ ಮಾಡುತ್ತಾನೆ! ಚೈತನ್ಯವು ಭೂತಗಳಿಂದ ಎದ್ದು ಅವುಗಳೊಡನೆಯೇ ಅಳಿಯುತ್ತದೆ, ಸತ್ತ ಬಳಿಕ ಅರಿವಿಲ್ಲ ಎಂದು ಯಾಜ್ಞವಲ್ಕ್ಯರು ಮೈತ್ರೇಯಿಗೆ ಹೇಳಿದ ಮಾತು ಅದು. ಮೂಲದಲ್ಲಿ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಆ ಮಾತಿಗೆ ಮೈತ್ರೇಯಿಯೇ ಬೆಚ್ಚುತ್ತಾಳೆ. ತನ್ನನ್ನು ಗೊಂದಲದಲ್ಲಿ ಕೆಡವಿದಿರೆಂದು ಗಂಡನನ್ನು ಆಕ್ಷೇಪಿಸುತ್ತಾಳೆ. ಯಾಜ್ಞವಲ್ಕ್ಯರು ವಿವರಣೆ ಕೊಡುತ್ತಾರೆ. ಚಾರ್ವಾಕನು ವಿವರಣೆಯನ್ನು ಬಿಟ್ಟು ಬೆಚ್ಚಿಸಿದ ಮಾತನ್ನಷ್ಟೇ ಎತ್ತಿಕೊಂಡ. (ನಂಬುವವರು ಹೀಗೆ ಮಾಡುವುದಿಲ್ಲವೆಂದಲ್ಲ. ಉಪನ್ಯಾಸಗಳಿಗೆ ಹೋಗುವವರಿಗೆ ಅದು ಗೊತ್ತು.)

ಪಶ್ಚಿಮದ ಥಾಮಸ್ ಪೇನನ ಕಥೆ ಇನ್ನೂ ಸ್ವಾರಸ್ಯದ್ದು. ದೇವರನ್ನು ಒಪ್ಪಿದರೂ ಬೈಬಲನ್ನು ಒಪ್ಪದವನು ಈತ. ಕ್ರಾಂತಿಯ ಗದ್ದಲದ ಪ್ಯಾರಿಸ್ಸಿನಲ್ಲಿ ‘ದಿ ಏಜ್ ಆಫ್ ರೀಸನ್’ ಗ್ರಂಥದ ಮೊದಲ ಭಾಗವನ್ನು ಬರೆದಾಗ ಅವನ ಕೈಯಲ್ಲಿ ಬೈಬಲೇ ಇರಲಿಲ್ಲ, ನೆನಪಿನಿಂದಲೇ ಖಂಡಿಸಿದ. ಅದು 1794ರಲ್ಲಿ ಪ್ರಕಟವಾಯಿತು. ಆಮೇಲೆ ಬೈಬಲನ್ನು ದೊರಕಿಸಿಕೊಂಡು, ಪ್ರಕರಣ ಪ್ರಕರಣವಾಗಿ ಉದ್ಧರಿಸುತ್ತ ಎರಡನೆಯ ಭಾಗವನ್ನು ಬರೆದ. ಪುಸ್ತಕವನ್ನು ಓದದೆ ಬೈದೆಯೆಂಬ ಆಪಾದನೆಗೆ ಬೇರೆ ಉತ್ತರವೇನಿದೆ?

ಪರಾಶರನ ಆ ಶ್ಲೋಕವನ್ನು ನಾಡಿನ ಮುಂದೆ ಎತ್ತಿ ಹಿಡಿದವರು ಈಶ್ವರಚಂದ್ರ ವಿದ್ಯಾಸಾಗರರು. ಅವರು ಆಸ್ತಿಕರೋ ಅಲ್ಲವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕಲ್ಕತ್ತೆಯ ಸಂಸ್ಕೃತ ಕಾಲೇಜಿನ ಮುಖ್ಯಸ್ಥರಾಗಿದ್ದಾಗಲೇ, 1853ರಲ್ಲಿ, ವೇದಾಂತ ಸಾಂಖ್ಯಗಳು ಮಿಥ್ಯಾದರ್ಶನಗಳೆಂದು ಸರ್ಕಾರದ ಶಿಕ್ಷಣ ಮಂಡಲಿಗೆ ಬರೆದವರು ಅವರು. ಎರಡು ವರ್ಷಗಳ ಬಳಿಕ ವಿಧವಾವಿವಾಹದ ಪರವಾಗಿ ಬರೆಯುವಾಗ ವಿಚಾರಶಕ್ತಿಯನ್ನಷ್ಟೇ ನೆಚ್ಚದೆ ಸ್ಮೃತಿಯನ್ನು ಹಿಡಿದರು. ನಮ್ಮ ಮಾವನವರು ಮಾಡದ ಒಂದು ಕೆಲಸವನ್ನೂ ಮಾಡಿದರು: ಮುಂದಿನ ಎರಡು ಶ್ಲೋಕಗಳನ್ನು ಮರೆಮಾಚಲಿಲ್ಲ. ಪರಾಶರನು ವಿಧವೆಗೆ ಮೂರು ದಾರಿ ತೋರಿಸಿದ್ದಾನೆ, ಸಹಗಮನವನ್ನು ಸರ್ಕಾರ ನಿಷೇಧಿಸಿದೆ, ಉಳಿದವು ಎರಡು. ಬ್ರಹ್ಮಚರ್ಯವನ್ನು ನಡೆಸಲಾರದವಳಿಗೆ ಮದುವೆಯೇ ದಾರಿ ಎಂದು ವಾದಿಸಿದರು. ಈ ವಿಧಿ ಕಲಿಯುಗಕ್ಕಲ್ಲ, ಬೇರೆ ಯುಗಕ್ಕೆ ಎಂದು ಪರಾಶರಮಾಧವೀಯದ ವ್ಯಾಖ್ಯಾನ ಹೇಳುತ್ತದೆ. ಅದನ್ನೂ ಎದುರಿಗಿಟ್ಟುಕೊಂಡು, ಪರಾಶರನು ಸ್ಮೃತಿಯನ್ನು ಹೇಳಿದ್ದೇ ಕಲಿಯುಗದ ಜನರಿಗಾಗಿ ಎಂದು ತೋರಿಸಿದರು.

ಫಲವೇನಾಯಿತು? ಅವರ ಮನವಿಗೆ ಬಿದ್ದ ರುಜುಗಳು 987. ವಿರೋಧಿಗಳ ಮನವಿಗೆ 30,000ಕ್ಕೂ ಹೆಚ್ಚು. 1856ರಲ್ಲಿ ಕಾನೂನಾಯಿತು, ಆ ವರ್ಷದ ಡಿಸೆಂಬರಿನಲ್ಲಿ ಮೊದಲ ಮದುವೆಯೂ ಆಯಿತು. ಆದರೂ ಶ್ಲೋಕಕ್ಕೆ ಜನ ಕರಗಲಿಲ್ಲ. ಶಾಸ್ತ್ರವನ್ನು ತೋರಿಸಿದರೆ ಸಾಕೆಂದು ನಂಬಿದ್ದ ಆ ಪಂಡಿತರು ದೇಶಾಚಾರದ ದಬ್ಬಾಳಿಕೆಯನ್ನು ಕುರಿತು ತಮ್ಮ ಎರಡನೆಯ ಪುಸ್ತಕದ ಕೊನೆಯಲ್ಲಿ ಗೋಳಿಟ್ಟಿದ್ದಾರೆ. ನಂಬದವರು ನಂಬುವವರಿಗಿಂತ ಹೆಚ್ಚಾಗಿ ಪುಸ್ತಕವನ್ನು ನಂಬಿಬಿಡುತ್ತಾರೆಯೋ ಏನೋ!

ನಮ್ಮ ತಾತನ ಮನೆಯಲ್ಲೂ ಅದೇ ಆಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, “ಶಾಸ್ತ್ರ ಒಪ್ಪಿದರೂ ನಾಲ್ಕು ಜನ ಒಪ್ಪಬೇಕಲ್ಲ” ಎಂದರು. ಶಾಸ್ತ್ರವನ್ನು ಓದದ ಅವರ ಮಾತಿಗೆ ಮಾವನವರ ಬಳಿ ಶ್ಲೋಕವಿರಲಿಲ್ಲ.

ಆಗ ಮಾತಾಡಿದ್ದು ಅವಳು. “ನನಗೆ ಶ್ಲೋಕ ಬೇಡ ತಾತ. ನೀವು ಹೂಂ ಅನ್ನಬೇಕು, ಅಷ್ಟೆ.”

ತಾತ ಹೂಂ ಎನ್ನಲಿಲ್ಲ, ಉಹುಂ ಎನ್ನಲೂ ಇಲ್ಲ. ಮರುವಾರ ನಮ್ಮ ಕಾಲೇಜಿನ ಗ್ರಂಥಾಲಯದಿಂದ ಪರಾಶರಮಾಧವೀಯವನ್ನು ತರಿಸಿಕೊಂಡರು. ಭೂತಗನ್ನಡಿ ಹಿಡಿದು ದಿನಕ್ಕೆರಡು ಪುಟ ಓದುತ್ತಿದ್ದಾರೆಂದು ಮಾವನವರೇ ಹೇಳಿದರು. ಅವರ ದನಿಯಲ್ಲಿ ಕೊಂಚ ಭಯವಿತ್ತು.

ಮೊನ್ನೆ ರಾತ್ರಿ ತಾತನ ಫೋನು ಬಂತು. ಪುಸ್ತಕವನ್ನು ಹಿಂದಿರುಗಿಸಲು ಇನ್ನೆಷ್ಟು ದಿನವಿದೆಯೆಂದು ವಿಚಾರಿಸಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗನ ತಂದೆತಾಯಿ ಯಾವ ಊರಿನವರೆಂದು ಕೇಳಿದರು.