ಕೋಚ್ ಹೋದ ಮೇಲೂ ಶಾಲೆ ಇರುತ್ತದೆಯೇ? ಅಮೆರಿಕದ ಬ್ಯಾಸ್ಕೆಟ್‌ಬಾಲ್ ಶಾಲೆಗಳಿಂದ ನಾವು ಕಲಿಯಬೇಕಾದದ್ದು

2025ರ ಜೂನ್‌ನಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ವಾರ್ಷಿಕ ಆಟಗಾರರ ಆಯ್ಕೆ, ಅಂದರೆ ಡ್ರಾಫ್ಟ್, ನಡೆಸಿತು. ಮೊದಲ ಸುತ್ತಿನಲ್ಲಿ ಆಯ್ಕೆಯಾದವರಲ್ಲಿ ನಾಲ್ವರು ಹುಡುಗರು ಒಂದು ವರ್ಷದ ಹಿಂದಷ್ಟೇ ಒಂದೇ ಶಾಲೆಯ ಒಂದೇ ತಂಡದಲ್ಲಿ ಆಡಿದವರು. ಆ ಶಾಲೆ ಫ್ಲಾರಿಡಾದ ಮಾಂಟ್‌ವರ್ಡ್ ಅಕಾಡೆಮಿ. ನಾಲ್ವರಲ್ಲಿ ಕೂಪರ್ ಫ್ಲ್ಯಾಗ್ ಎಂಬ 18 ವರ್ಷದ ಹುಡುಗನ ಹೆಸರು ಎಲ್ಲರಿಗಿಂತ ಮೊದಲು ಬಂತು. ಆ ತಂಡ 2023–24ರ ಸಾಲಿನಲ್ಲಿ ಆಡಿದ 33 ಪಂದ್ಯಗಳನ್ನೂ ಗೆದ್ದಿತ್ತು.

ಗಡಿನಾಡಿನ ನಮಗೆ ಈ ಸುದ್ದಿ ಏಕೆ ಎಂದು ಸದಸ್ಯರು ಕೇಳಬಹುದು. ನಮ್ಮ ಊರುಗಳಿಂದಲೂ ಪ್ರತಿವರ್ಷ ಮಕ್ಕಳು ಆಟಕ್ಕಾಗಿ ಮನೆ ಬಿಟ್ಟು ಕ್ರೀಡಾ ಹಾಸ್ಟೆಲ್ ಸೇರುತ್ತಾರೆ. ಮಗುವಿನ ಆಟವನ್ನೂ ಓದನ್ನೂ ಒಟ್ಟಿಗೆ ಒಂದು ಸಂಸ್ಥೆಯ ಕೈಗೆ ಒಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದವರು ಹಲವು ದಶಕಗಳಿಂದ ಪ್ರಯೋಗ ಮಾಡಿ ನೋಡಿದ್ದಾರೆ. ಒಳ್ಳೆಯದು, ಕೆಟ್ಟದ್ದು ಎರಡೂ ಅಲ್ಲಿ ಕಣ್ಣಿಗೆ ಕಾಣುವಂತಿದೆ.

ಪ್ರೆಪ್ ಶಾಲೆ ಎಂದರೇನು?

ಮೂಲತಃ ಇವು ಮಕ್ಕಳನ್ನು ಕಾಲೇಜಿಗೆ ಸಿದ್ಧಗೊಳಿಸುವ ಖಾಸಗಿ ಶಾಲೆಗಳು. ಬಹಳಷ್ಟು ಕಡೆ ವಸತಿಯೂ ಉಂಟು. ಹನ್ನೆರಡನೇ ತರಗತಿ ಮುಗಿಸಿದವರು ಅಂಕ ಸುಧಾರಿಸಿಕೊಳ್ಳಲು ಇನ್ನೊಂದು ವರ್ಷ ಓದುವ ಏರ್ಪಾಡೂ ಕೆಲವೆಡೆ ಇದೆ. ಆಟಗಾರರಿಗೆ ಈ ಶಾಲೆಗಳು ಬೇಕಾಗಲು ದೊಡ್ಡ ಕಾರಣ ಓದೇ. ಅಲ್ಲಿ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಪ್ರಕಾರ, ಮೇಲ್ದರ್ಜೆಯ ಕಾಲೇಜು ತಂಡದಲ್ಲಿ ಆಡಬೇಕಾದರೆ ಪ್ರೌಢಶಾಲೆಯಲ್ಲಿ 16 ಮುಖ್ಯ ಕೋರ್ಸ್‌ಗಳನ್ನು ಮುಗಿಸಿರಬೇಕು. ಎಷ್ಟೇ ಎತ್ತರವಿದ್ದರೂ, ಎಷ್ಟೇ ಚೆನ್ನಾಗಿ ಚೆಂಡು ಹಾಕಿದರೂ ಇದರಿಂದ ವಿನಾಯಿತಿ ಇಲ್ಲ. 2005ರ ಒಪ್ಪಂದದ ನಂತರ ಶಾಲೆಯಿಂದ ನೇರವಾಗಿ ಎನ್‌ಬಿಎಗೆ ಹಾರುವ ದಾರಿಯೂ ಮುಚ್ಚಿತು. ಹಾಗಾಗಿ ಕಾಲೇಜು ಇನ್ನಷ್ಟು ಮುಖ್ಯವಾಯಿತು, ಪ್ರೆಪ್ ಶಾಲೆಗಳ ಬೇಡಿಕೆಯೂ ಏರಿತು.

ಬೇಡಿಕೆ ಏರಿದಲ್ಲಿ ಕಳ್ಳದಾರಿಯೂ ಹುಟ್ಟಿತು. ಹೆಸರಿಗೆ ಮಾತ್ರ ಶಾಲೆಯಾಗಿದ್ದು ಆಟಗಾರರಿಗೆ ಅಂಕಪಟ್ಟಿ ಕೊಡುತ್ತಿದ್ದ ಕೆಲವು ಸಂಸ್ಥೆಗಳ ಬಗ್ಗೆ 2006ರಲ್ಲಿ ಅಲ್ಲಿನ ದೊಡ್ಡ ಪತ್ರಿಕೆಗಳು ಬರೆದವು. ಆಮೇಲೆ ಎನ್‌ಸಿಎಎ ಇಂಥ ಶಾಲೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಹಲವು ಶಾಲೆಗಳ ಅಂಕಪಟ್ಟಿ ಒಪ್ಪುವುದನ್ನೇ ನಿಲ್ಲಿಸಿತು. ಪೆಟ್ಟು ಬಿದ್ದದ್ದು ಅಲ್ಲಿ ಸೇರಿದ್ದ ಮಕ್ಕಳಿಗೂ.

ಮೂರು ಶಾಲೆಗಳು, ಮೂರು ದಾರಿಗಳು

ವರ್ಜೀನಿಯಾದ ಬೆಟ್ಟಗಳ ನಡುವೆ ಮೌತ್ ಆಫ್ ವಿಲ್ಸನ್ ಎಂಬ ಪುಟ್ಟ ಊರಿದೆ. ಅಲ್ಲಿನ ಓಕ್ ಹಿಲ್ ಅಕಾಡೆಮಿ 1878ರಲ್ಲಿ ಬ್ಯಾಪ್ಟಿಸ್ಟ್ ಕ್ರೈಸ್ತರು ಕಟ್ಟಿದ ಚಿಕ್ಕ ವಸತಿ ಶಾಲೆ. 1985ರಿಂದ 2022ರವರೆಗೆ ಸ್ಟೀವ್ ಸ್ಮಿತ್ ಎಂಬ ಒಬ್ಬರೇ ಮುಖ್ಯ ಕೋಚ್. ಗೆದ್ದ ಪಂದ್ಯಗಳು 1,200ಕ್ಕೂ ಹೆಚ್ಚು. ಕಾರ್ಮೆಲೊ ಆಂಥೊನಿ, ಕೆವಿನ್ ಡ್ಯುರಾಂಟ್‌ರಂಥ ತಾರೆಗಳು ಇಲ್ಲಿ ಓದಿದ್ದು ಒಂದೊಂದೇ ವರ್ಷ. ಆಟಗಾರರು ಬಂದರು, ಹೋದರು, ಕೋಚ್ ಉಳಿದರು. ಹೊಸದಾಗಿ ಬಂದ ಹುಡುಗನಿಗೆ, ಅವನ ತಾಯಿಗೆ, ಅವನನ್ನು ಕೇಳಿಕೊಂಡು ಬರುವ ಕಾಲೇಜಿನವರಿಗೆ ಮಾತಾಡಲು 37 ವರ್ಷ ಅದೇ ಮನುಷ್ಯ ಇದ್ದರು. ಇಂಥ ಕಡೆ ಶಾಲೆಯ ಹೆಸರಿಗಿಂತ ಕೋಚ್‌ನ ಮಾತಿಗೇ ಬೆಲೆ ಹೆಚ್ಚು. ಅದು ಬಲವೂ ಹೌದು, ಅವರು ನಿವೃತ್ತರಾದ ದಿನ ಕಾಡುವ ಚಿಂತೆಯೂ ಹೌದು.

ನೆವಾಡಾದ ಫಿಂಡ್ಲೆ ಪ್ರೆಪ್ ಕಥೆ ಬೇರೆ. ಲಾಸ್ ವೇಗಸ್‌ನ ಕಾರು ವ್ಯಾಪಾರಿಯೊಬ್ಬರ ಹಣದಿಂದ 2006ರಲ್ಲಿ ಶುರುವಾದ ತಂಡ ಅದು. ಹುಡುಗರ ವಾಸ ಒಟ್ಟಿಗೆ, ಓದು ಹೆಂಡರ್ಸನ್ ಊರಿನ ಒಂದು ಖಾಸಗಿ ಶಾಲೆಯಲ್ಲಿ. ಕೆಲವೇ ವರ್ಷಗಳಲ್ಲಿ ಮೂರು ಸಲ ರಾಷ್ಟ್ರಮಟ್ಟದ ಪ್ರೌಢಶಾಲಾ ಆಹ್ವಾನಿತ ಟೂರ್ನಿ ಗೆದ್ದರು. 2013ರ ಡ್ರಾಫ್ಟ್‌ನ ಮೊದಲ ಆಯ್ಕೆ ಆಂಥೊನಿ ಬೆನೆಟ್ ಇಲ್ಲಿಂದಲೇ ಹೊರಟವರು. ಆದರೆ ಕೋಚ್‌ಗಳು ಮೇಲಿಂದ ಮೇಲೆ ಬದಲಾದರು. 2019ರಲ್ಲಿ ಶಾಲೆಯೊಂದಿಗಿನ ನಂಟು ಮುಗಿಯಿತು, ತಂಡವೂ ಮುಗಿಯಿತು. ತಂಡಕ್ಕೆ ಶಾಲೆ ಬಾಡಿಗೆ ಮನೆಯಂತಿದ್ದರೆ ಆಗುವುದು ಹೀಗೆ.

ಮೂರನೆಯದು ಮಾಂಟ್‌ವರ್ಡ್. 1912ರಲ್ಲಿ ಸ್ಥಾಪನೆಯಾದ ಶಾಲೆ. ಬ್ಯಾಸ್ಕೆಟ್‌ಬಾಲ್ ಇಲ್ಲದಿದ್ದರೂ ನಡೆಯುವಂಥದ್ದು. 2011ರಲ್ಲಿ ಕೆವಿನ್ ಬಾಯ್ಲ್ ಕೋಚ್ ಆಗಿ ಬಂದರು. ಅದಕ್ಕೂ ಮೊದಲು ಅವರಿದ್ದದ್ದು ನ್ಯೂಜೆರ್ಸಿಯ ಸೇಂಟ್ ಪ್ಯಾಟ್ರಿಕ್ ಎಂಬ ಕ್ಯಾಥೊಲಿಕ್ ಶಾಲೆಯಲ್ಲಿ. ಕೈರಿ ಇರ್ವಿಂಗ್ ಅವರ ಶಿಷ್ಯ. ಇರ್ವಿಂಗ್ (2011), ಬೆನ್ ಸಿಮನ್ಸ್ (2016), ಕೇಡ್ ಕನಿಂಗ್‌ಹ್ಯಾಮ್ (2021), ಫ್ಲ್ಯಾಗ್ (2025): ಡ್ರಾಫ್ಟ್‌ನಲ್ಲಿ ಮೊದಲಿಗರಾದ ನಾಲ್ವರು ಒಬ್ಬನೇ ಕೋಚ್‌ನ ಕೈಕೆಳಗೆ ಆಡಿದವರು. ಆದರೆ ಸದಸ್ಯರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದೇಶದಲ್ಲೇ ಹೆಸರಾದ ತಂಡವಿದ್ದರೂ ಆ ಸೇಂಟ್ ಪ್ಯಾಟ್ರಿಕ್ ಶಾಲೆಯನ್ನು 2012ರಲ್ಲಿ ಚರ್ಚ್ ಆಡಳಿತ ಮುಚ್ಚಿತು. ಅದರ ಕಡೆಯವರು ಬೇರೆ ಹೆಸರಲ್ಲಿ ಸ್ವತಂತ್ರ ಶಾಲೆ ಕಟ್ಟಿಕೊಳ್ಳಬೇಕಾಯಿತು. ಕಪ್‌ಗಳು ಶಾಲೆಯನ್ನು ಉಳಿಸಲಿಲ್ಲ.

ದೊಡ್ಡ ಪ್ರೆಪ್ ತಂಡಗಳಲ್ಲಿ ಇಂದು ಕೋಚ್ ಎಂದರೆ ಒಬ್ಬ ಮನುಷ್ಯನಲ್ಲ. ಎದುರಾಳಿಗಳ ವಿಡಿಯೊ ನೋಡಲು ಒಬ್ಬರು, ವ್ಯಾಯಾಮಕ್ಕೆ ಒಬ್ಬರು, ಒಬ್ಬೊಬ್ಬ ಹುಡುಗನ ಹೊಡೆತ ತಿದ್ದಲು ಒಬ್ಬರು, ಕಾಲೇಜುಗಳ ಜೊತೆ ಮಾತಾಡಲು ಇನ್ನೊಬ್ಬರು. ತಂಡ ದೇಶವೆಲ್ಲ ಸುತ್ತುವಾಗ ತಪ್ಪಿದ ಪಾಠ ಹೇಳಿಕೊಡುವವರು ಈ ಪಟ್ಟಿಯಲ್ಲಿ ಇದ್ದಾರೆಯೇ, ಅವರ ಮಾತನ್ನು ಮುಖ್ಯ ಕೋಚ್ ಕೇಳುತ್ತಾರೆಯೇ ಎಂಬುದರ ಮೇಲೆ ಆ ಶಾಲೆಯ ಗುಣ ತಿಳಿಯುತ್ತದೆ.

ಈಗ ಬೀಸುತ್ತಿರುವ ಗಾಳಿ

2021ರಿಂದ ಎಲ್ಲವೂ ಅಲುಗಾಡುತ್ತಿದೆ. ಆ ವರ್ಷ ಅಟ್ಲಾಂಟಾದಲ್ಲಿ ಓವರ್‌ಟೈಮ್ ಎಲೀಟ್ ಎಂಬ ಲೀಗ್ ಹುಟ್ಟಿ, ಶಾಲಾ ವಯಸ್ಸಿನ ಹುಡುಗರಿಗೆ ವರ್ಷಕ್ಕೆ ಕನಿಷ್ಠ 1 ಲಕ್ಷ ಡಾಲರ್ ಸಂಬಳ ಕೊಡತೊಡಗಿತು. ಅದೇ ವರ್ಷ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಲು ಎನ್‌ಸಿಎಎ ಒಪ್ಪಿತು. 2025ರಲ್ಲಿ ನ್ಯಾಯಾಲಯದ ಒಪ್ಪಿಗೆ ಪಡೆದ ಇತ್ಯರ್ಥದಿಂದ ಕಾಲೇಜುಗಳೇ ನೇರವಾಗಿ ಹಣ ಕೊಡುವಂತಾಯಿತು. ಜೊತೆಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುವುದು ಸುಲಭವಾಗಿದೆ.

ಇದರಿಂದ ಫ್ಲ್ಯಾಗ್‌ನಂಥವರಿಗೆ ಲಾಭ. ನಷ್ಟ ನಡುವಿನವರಿಗೆ. 22 ವರ್ಷದ ಪಳಗಿದ ಆಟಗಾರ ಬೇರೆ ಕಾಲೇಜಿನಿಂದ ಸಿಗುವಾಗ, 18ರ ಹುಡುಗನನ್ನು ತಂದು ಎರಡು ವರ್ಷ ತಿದ್ದುವ ತಾಳ್ಮೆ ಕೋಚ್‌ಗಳಿಗೆ ಉಳಿಯುತ್ತಿಲ್ಲ. ಪ್ರೆಪ್ ಶಾಲೆಯ ಬೆಂಚಿನ ಮೇಲೆ ಕೂತ ಎಂಟನೆಯ, ಒಂಬತ್ತನೆಯ ಹುಡುಗನಿಗೆ ಈಗ ಮೊದಲಿಗಿಂತ ಹೆಚ್ಚು ಬೇಕಾಗಿರುವುದು ಅಂಕಪಟ್ಟಿ.

ಇದು ನಮ್ಮ ದೇಶದ ಹುಡುಗನೊಬ್ಬನ ಬದುಕಿನಲ್ಲೂ ಕಂಡ ಮಾತು. ಪಂಜಾಬಿನ ಬಲ್ಲೊ ಕೆ ಹಳ್ಳಿಯ ಸತ್ನಾಮ್ ಸಿಂಗ್ 2010ರಲ್ಲಿ, 14ನೇ ವಯಸ್ಸಿನಲ್ಲಿ, ಫ್ಲಾರಿಡಾದ ಐಎಂಜಿ ಅಕಾಡೆಮಿ ಸೇರಿದರು. ಇಂಗ್ಲಿಷ್ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಆಟ ಕಲಿತರು, ಏಳಡಿ ದಾಟಿ ಬೆಳೆದರು. ಆದರೆ ಕಾಲೇಜಿನಲ್ಲಿ ಆಡಲು ಬೇಕಾದ ಓದಿನ ಅರ್ಹತೆ ಸಿಗಲಿಲ್ಲ. 2015ರಲ್ಲಿ ನೇರವಾಗಿ ಡ್ರಾಫ್ಟ್‌ಗೆ ಹೋದರು. ಡಲ್ಲಾಸ್ ತಂಡ 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲಿಗರು ಅವರು. ನಾವೆಲ್ಲ ಸಂಭ್ರಮಿಸಿದೆವು. ಆದರೆ ಎನ್‌ಬಿಎ ಲೀಗ್ ಪಂದ್ಯವೊಂದರಲ್ಲೂ ಆಡುವ ಅವಕಾಶ ಅವರಿಗೆ ಬರಲಿಲ್ಲ. ನಾಲ್ಕು ವರ್ಷ ಕಾಲೇಜಿನಲ್ಲಿ ಆಡಿದ್ದರೆ ಬೇರೆಯಾಗುತ್ತಿತ್ತೋ ಏನೋ. ಬೇರೆ ಭಾಷೆಯಲ್ಲಿ ಓದುವ ಭಾರ ಆಟದ ಭಾರದ ಮೇಲೆ ಬಿದ್ದಾಗ ಮೊದಲು ಹಿಂದೆ ಬೀಳುವುದು ಓದು.

ಗಡಿನಾಡಿನ ಮಕ್ಕಳ ಸ್ಥಿತಿ ಇದಕ್ಕೆ ದೂರವಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ತಿರುವನಂತಪುರದ ಜಿ.ವಿ. ರಾಜಾ ಶಾಲೆಗೆ ಹೋದರೆ ರಾಜ್ಯದ ಆ ತುದಿಗೆ ಹೋದಂತೆ. ಅಕ್ಕಲಕೋಟೆ, ಜತ್ತದ ಮಗುವಿಗೆ ಪುಣೆಯ ಬಾಲೇವಾಡಿ, ತೆಲಂಗಾಣದ ಕಡೆಯವರಿಗೆ ಹಕೀಂಪೇಟೆ. ಎಲ್ಲ ಕಡೆಯೂ ಅವಕಾಶ ಇದೆ, ಕಳಿಸಬೇಡಿ ಎನ್ನುವುದು ಈ ಬರಹದ ಉದ್ದೇಶವಲ್ಲ. ಕೇಳಿ ಕಳಿಸಿ ಎನ್ನುವುದಷ್ಟೇ:

• ಕಳೆದ ಐದು ವರ್ಷಗಳಲ್ಲಿ ಎಷ್ಟು ಕೋಚ್‌ಗಳು ಬದಲಾದರು? ಈಗಿನವರು ಕಾಯಂ ನೌಕರರೇ, ಗುತ್ತಿಗೆಯವರೇ?
• ಟೂರ್ನಿಗೆ ಹೋದಾಗ ತಪ್ಪಿದ ಪಾಠವನ್ನು ಯಾರು, ಯಾವಾಗ, ಯಾವ ಭಾಷೆಯಲ್ಲಿ ಹೇಳಿಕೊಡುತ್ತಾರೆ?
• ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಮೊದಲ ವರ್ಷ ಏನು ನೆರವಿದೆ? ಕನ್ನಡವನ್ನು ಒಂದು ವಿಷಯವಾಗಿಯಾದರೂ ಓದಬಹುದೇ?
• ಮಂಡಿಗೆ ಪೆಟ್ಟಾಗಿ ಆಟ ನಿಂತರೆ ಹಾಸ್ಟೆಲ್‌ನ ಸೀಟು ಉಳಿಯುತ್ತದೆಯೇ? ಚಿಕಿತ್ಸೆಯ ಖರ್ಚು ಯಾರದು?
• ತಂಡಕ್ಕೆ ಆಯ್ಕೆಯಾಗದೆ ಹೊರಬಂದ ಹುಡುಗ ಹುಡುಗಿಯರು ಈಗ ಎಲ್ಲಿದ್ದಾರೆ?

ಕೊನೆಯ ಪ್ರಶ್ನೆಗೆ ಗೋಡೆಯ ಮೇಲಿನ ಫೋಟೊಗಳಿಂದ ಉತ್ತರ ಸಿಗುವುದಿಲ್ಲ. ಒಳ್ಳೆಯ ಕೋಚ್ ಆದರೆ ಹೆಸರು ಹಿಡಿದು ಹೇಳುತ್ತಾರೆ. ನಿಮ್ಮ ಊರಿನಿಂದ ಇಂಥ ಹಾಸ್ಟೆಲ್ ಸೇರಿದ ಮಕ್ಕಳ ಪೋಷಕರಿದ್ದರೆ ಈ ಐದು ಪ್ರಶ್ನೆಗಳನ್ನು ಅವರಿಗೆ ತಲುಪಿಸಿ. ಅವರು ಕಂಡುಕೊಂಡ ಉತ್ತರಗಳನ್ನು ಬರೆದು ಕಳಿಸಿದರೆ, ಮುಂದಿನ ಪ್ರವೇಶದ ಹೊತ್ತಿಗೆ ಇತರ ಸದಸ್ಯರಿಗೂ ಉಪಯೋಗವಾಗುತ್ತದೆ.