ಕೋಟೆಯಲ್ಲಿ ಯಾರ ಹೆಸರಿದೆ?

ಶ್ರೀರಂಗಪಟ್ಟಣಕ್ಕೆ ಹೋದಾಗಲೆಲ್ಲ ನನಗೆ ಒಂದೇ ಕಿರಿಕಿರಿ. ಟಿಪ್ಪು ವೀರನೋ ಮತಾಂಧನೋ ಎಂದು ನಾವು ಬಡಿದಾಡುತ್ತಲೇ ಇದ್ದೇವೆ. 2015ರಲ್ಲಿ ಒಂದು ಸರ್ಕಾರ ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ನಿಲ್ಲಿಸಿತು. ಈ ಗದ್ದಲದಲ್ಲಿ ಪಾಳುಬಿದ್ದ ಆ ಕೋಟೆ ಯಾರ ಕತೆ ಹೇಳುತ್ತಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಹೇಳುತ್ತಿರುವುದು ಗೆದ್ದವರ ಕತೆ.

ಕೋಟೆಯ ವಾಯವ್ಯ ಮೂಲೆಗೆ ಹೋಗಿ ನೋಡಿ. 1799ರ ಮೇ 4ರಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕಾವೇರಿ ದಾಟಿ ಒಳನುಗ್ಗಿದ್ದು ಅಲ್ಲಿಂದಲೇ. ಅಲ್ಲಿರುವ ಸ್ಮಾರಕ ಕಂಬದ ಮೇಲೆ ಮುತ್ತಿಗೆಯಲ್ಲಿ ಸತ್ತ ಕಂಪನಿ ಕಡೆಯ ಅಧಿಕಾರಿಗಳ ಹೆಸರುಗಳಿವೆ. ಅದನ್ನು ನಿಲ್ಲಿಸಿದ್ದು ಇಂಗ್ಲಿಷರಲ್ಲ, 1907ರಲ್ಲಿ ನಮ್ಮದೇ ಮೈಸೂರು ಸರ್ಕಾರ! ಬಂದೀಖಾನೆಯನ್ನು ಇಂದಿಗೂ ನಾವು ಕರೆಯುವುದು 1782ರಲ್ಲಿ ಸೆರೆಯಲ್ಲೇ ಸತ್ತ ಕರ್ನಲ್ ಬೇಯ್ಲಿಯ ಹೆಸರಿನಿಂದ. ಟಿಪ್ಪು ಬಿದ್ದ ಜಾಗದಲ್ಲೂ ಒಂದು ಕಲ್ಲಿದೆ, ನಿಜ. ಆದರೆ ಅದು ಹೇಳುವುದು ಆತನ ಶವ ಅಲ್ಲಿ ಸಿಕ್ಕಿತು ಎಂದು. ಹುಡುಕಿದವರ ಮಾತದು, ಕಾದಾಡಿದವರದ್ದಲ್ಲ.

ಬೇಯ್ಲಿ ಪಟ್ಟ ಪಾಡು ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ಕಂಬವನ್ನು ಕೀಳಬೇಕೆಂದೂ ಅಲ್ಲ. ಅದೂ ಇತಿಹಾಸವೇ, ಇರಲಿ. ಆದರೆ ಅದೇ ದಿನ ಗೋಡೆಯ ಒಳಗಿದ್ದು ಸತ್ತವರು ಸಾವಿರಾರು ಮಂದಿ. ಆಮೇಲೆ ಊರಿಗೆ ಊರೇ ಲೂಟಿಯಾಯಿತು. ಸಿಂಹಾಸನವನ್ನು ತುಂಡು ಮಾಡಿ ಹಂಚಿಕೊಂಡರು. ಅದರ ಹುಲಿಯ ತಲೆ ಇಂದು ವಿಂಡ್ಸರ್ ಅರಮನೆಯಲ್ಲಿದೆ. ಲಾಲ್ ಮಹಲನ್ನು ಕೆಡವಿದರು, ಉಳಿದಿರುವುದು ಬುನಾದಿ. ಆ ಸಾವಿರಾರು ಜನರಿಗೆ ಕಂಬದ ಪಕ್ಕದಲ್ಲಿ ಒಂದು ಗೇಣು ಕಲ್ಲು ನೆಡಲು ನಮಗೆ ಕೈ ಬಂದಿಲ್ಲ.

‘ಅವರ ಹೆಸರೇ ಗೊತ್ತಿಲ್ಲವಲ್ಲ’ ಎನ್ನುತ್ತೀರಾ? ಹಾಗಿದ್ದರೆ ಅದನ್ನೇ ಬರೆಯಿರಿ, ಕನ್ನಡದಲ್ಲಿ: ಇಲ್ಲಿ ಸಾವಿರಾರು ಜನ ಸತ್ತರು, ಹೆಸರು ಯಾರೂ ಬರೆದಿಡಲಿಲ್ಲ. ಅಷ್ಟು ಬರೆಯಲು ಟಿಪ್ಪುವಿನ ಬಗ್ಗೆ ತೀರ್ಪು ಕೊಡಬೇಕಾಗಿಲ್ಲ. ಆತನ ಸೈನ್ಯದಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಇಂದು ಟಿಪ್ಪುವಿಗೆ ಜೈ ಅನ್ನುವವರ ಅಜ್ಜಂದಿರೂ ಧಿಕ್ಕಾರ ಅನ್ನುವವರ ಅಜ್ಜಂದಿರೂ ಆ ಗೋಡೆಯ ಮೇಲೆ ಒಟ್ಟಿಗೇ ನಿಂತಿದ್ದಿರಬಹುದು.

ಬಹುಶಃ ಅದಕ್ಕೇ ಆ ಕಲ್ಲು ಯಾರಿಗೂ ಬೇಡವಾಗಿದೆ. ರಾಜನ ಹೆಸರಿನಲ್ಲಿ ಮತ ಹುಟ್ಟುತ್ತದೆ, ಹೆಸರಿಲ್ಲದವರಿಂದ ಏನು ಹುಟ್ಟೀತು?