ಒಂದೇ ಕೈಯಲ್ಲಿ ಬದುಕು ನಡೆಸುತ್ತಿರುವವರ ಮನವಿ ಪತ್ರ

ಗೆ,
ಮಾನ್ಯ ರಾಜ್ಯ ಆಯುಕ್ತರು (ವಿಕಲಚೇತನರು),
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಕೈ ಕಳೆದುಕೊಂಡವರಿಗೆ ದಿನನಿತ್ಯದ ಕೆಲಸಗಳ ತರಬೇತಿ, ಬಳಕೆಗೆ ಬರುವ ಸಲಕರಣೆ ಹಾಗೂ ಪರೀಕ್ಷೆಯಲ್ಲಿ ಬರಹಗಾರರ ಸೌಲಭ್ಯ ಒದಗಿಸುವ ಬಗ್ಗೆ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾವು ಮಂಡ್ಯ ಜಿಲ್ಲೆಯ ಹಳ್ಳಿಗಳವರು. ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಕೈ ಸಿಕ್ಕಿಕೊಂಡವರು ನಮ್ಮಲ್ಲಿದ್ದಾರೆ. ಮೇವು ಕತ್ತರಿಸುವ ಯಂತ್ರದಿಂದ, ಕರೆಂಟು ಹೊಡೆದು ಕೈ ಕಳೆದುಕೊಂಡವರಿದ್ದಾರೆ. ಇಬ್ಬರು ಹುಟ್ಟಿನಿಂದಲೇ ಹೀಗಿದ್ದಾರೆ. ಗಾಯ ಮಾಯುವವರೆಗೆ ಆಸ್ಪತ್ರೆಯವರು ಚೆನ್ನಾಗಿಯೇ ನೋಡಿಕೊಂಡರು. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದ ಮೇಲೆ ಲಾಡಿ ಕಟ್ಟುವುದು, ಸೀರೆಯ ನೆರಿಗೆ ಹಿಡಿಯುವುದು, ಮಗಳಿಗೆ ಜಡೆ ಹೆಣೆಯುವುದು ಹೇಗೆಂದು ಹೇಳಿಕೊಡುವವರು ಒಬ್ಬರೂ ಸಿಗಲಿಲ್ಲ. ಉಳಿದ ಒಂದು ಕೈಯ ಉಗುರು ತೆಗೆಸಿಕೊಳ್ಳಲು ಇವತ್ತಿಗೂ ಮಕ್ಕಳ ಮುಂದೆ ಕೈ ಚಾಚುತ್ತೇವೆ. ನೇಲ್ ಕಟರನ್ನು ಹಲಗೆಗೆ ಬಿಗಿದರೆ ಮೊಂಡುಗೈಯಿಂದ ಒತ್ತಿ ತಾವೇ ಕತ್ತರಿಸಿಕೊಳ್ಳಬಹುದೆಂದು ನಮ್ಮಲ್ಲೊಬ್ಬರು ಕಂಡುಕೊಳ್ಳಲು ಆರು ವರ್ಷ ಬೇಕಾಯಿತು.

ಅಡುಗೆಮನೆಯ ಮಾತು ಚಿಕ್ಕದೆಂದು ತಾವು ಭಾವಿಸಬಾರದು. ನಮ್ಮ ಕಡೆ ದಿನವೂ ಮುದ್ದೆಯಾಗಬೇಕು. ಒಂದೇ ಕೈಯಲ್ಲಿ ಕೋಲು ತಿರುವಿದರೆ ಪಾತ್ರೆಯೂ ಜೊತೆಗೆ ತಿರುಗುತ್ತದೆ, ಕುದಿಯುವ ಹಿಟ್ಟು ಮೈಮೇಲೆ ಬೀಳುತ್ತದೆ. ನಮ್ಮಲ್ಲಿನ ಒಬ್ಬ ತಾಯಿ ವೆಲ್ಡಿಂಗ್ ಅಂಗಡಿಯಲ್ಲಿ ಪಾತ್ರೆ ಅಲುಗದಂತೆ ಹಿಡಿಯುವ ಕಬ್ಬಿಣದ ಚೌಕಟ್ಟು ಮಾಡಿಸಿಕೊಂಡ ಮೇಲೆ ಮನೆಮಂದಿಗೆಲ್ಲ ಮುದ್ದೆ ಮಾಡುತ್ತಿದ್ದಾರೆ. ತರಕಾರಿ ಹೆಚ್ಚಲು ಚಾಕುವಿಗಿಂತ ಅಜ್ಜಿಯ ಕಾಲದ ಈಳಿಗೆ ಮಣೆಯೇ ನಮಗೆ ಅನುಕೂಲ. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದರೆ ಒಂದು ಕೈ ಸಾಕು. ಇಂಥ ತಿಳಿವಳಿಕೆ ನಮ್ಮ ನಮ್ಮಲ್ಲೇ ಉಳಿದುಹೋಗಿದೆ. ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಇದನ್ನು ಕಲಿಸಬೇಕು, ಕಲಿಸಲು ನಮ್ಮಲ್ಲಿನ ಅನುಭವಸ್ಥರನ್ನೇ ಗೌರವಧನ ಕೊಟ್ಟು ಕರೆಯಬೇಕು, ಸಲಕರಣೆಗಳ ಒಂದೊಂದು ಜೊತೆಯನ್ನು ಪ್ರತಿ ತಾಲ್ಲೂಕಿನಲ್ಲಿ ಇಡಬೇಕು ಎಂಬುದು ನಮ್ಮ ಮೊದಲ ಬೇಡಿಕೆ.

ಬಲಗೈ ಕಳೆದುಕೊಂಡವರ ಸಂಕಟ ಬೇರೆಯೇ. ಊಟಕ್ಕೂ ಶೌಚಕ್ಕೂ ಅವರಿಗಿರುವುದು ಎಡಗೈ ಒಂದೇ. ಪಂಕ್ತಿಯಲ್ಲಿ ಕೂತಾಗ ಪಕ್ಕದವರು ನೋಡುವ ನೋಟವನ್ನು ಯಾವ ಆದೇಶವೂ ಬದಲಿಸದು, ನಮಗದು ಗೊತ್ತು. ಬಸ್ ನಿಲ್ದಾಣ, ಶಾಲೆ, ತಾಲ್ಲೂಕು ಕಚೇರಿಗಳ ಶೌಚಾಲಯದಲ್ಲಿ ಮೊಣಕೈಯಿಂದಲೇ ತೆರೆಯಬಹುದಾದ ನಲ್ಲಿಯನ್ನೂ ಕೈ ತೊಳೆಯಲು ಸೋಪನ್ನೂ ಇಡಿಸುವುದು ತಮ್ಮ ಮಾತಿನಿಂದ ಆಗುವ ಕೆಲಸ.

ಕೃತಕ ಕೈಯ ವಿಚಾರ. ಶಿಬಿರವೊಂದರಲ್ಲಿ ನಮ್ಮಲ್ಲಿ ಹಲವರಿಗೆ ಕೊಟ್ಟ ಕೈ ನೋಡಲು ಕೈಯಂತೆಯೇ ಇದೆ, ಏನನ್ನೂ ಹಿಡಿಯಲಾರದು. ಪಟ್ಟಿ ಉಜ್ಜಿ ಕಂಕುಳಲ್ಲಿ ಹುಣ್ಣಾಯಿತು. ಅಳತೆ ತೆಗೆದವರು ಮತ್ತೆ ಬರಲಿಲ್ಲ. ಆ ಕೈಗಳು ಈಗ ಗೋಡೆಯ ಮೊಳೆಯಲ್ಲಿವೆ. ವಿಕಲಚೇತನರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ನಡೆದುಬಂದಿದೆ. ಅದರಡಿ ಕೈ ಕೊಡುವ ಮುನ್ನ ನೀವು ಮಾಡುವ ಕೆಲಸ ಯಾವುದೆಂದು ಕೇಳಲಿ. ಭುಜದ ಚಲನೆಯಿಂದ ತೆರೆದು ಮುಚ್ಚುವ ಕೊಕ್ಕೆಯ ಕೈ ಬೇಕೆಂದವರಿಗೆ ಅದನ್ನೇ ಕೊಡಲಿ. ರಿಪೇರಿಗೆ, ಬೆಳೆಯುವ ಮಕ್ಕಳ ಅಳತೆ ಬದಲಿಸಲು ಜಿಲ್ಲೆಯಲ್ಲೇ ಏರ್ಪಾಡಾಗಲಿ.

ಪರೀಕ್ಷೆ ಬರೆಯುವ ಮಕ್ಕಳದೂ ಒಂದು ಅಹವಾಲಿದೆ. ಎರಡೂ ಕೈಗಳ ತೊಂದರೆಯಿರುವವರು ಕೇಳಿದರೆ ಬರಹಗಾರರನ್ನು ಕೊಡಬೇಕೆಂದು 2018ರ ಆಗಸ್ಟ್ 29ರ ಕೇಂದ್ರ ಮಾರ್ಗಸೂಚಿ ಹೇಳಿತ್ತು. ಒಂದು ಕೈಯವರು ಬರೆಯಲಾಗದೆಂಬ ವೈದ್ಯಕೀಯ ಪ್ರಮಾಣಪತ್ರ ತರಬೇಕೆಂದಿತ್ತು. ಬರೆಯುವ ಕೈಯನ್ನೇ ಕಳೆದುಕೊಂಡು ಎಡಗೈಯಲ್ಲಿ ಅಕ್ಷರ ತಿದ್ದುತ್ತಿರುವ ಹುಡುಗ ಆ ಕಾಗದಕ್ಕಾಗಿ ಪರೀಕ್ಷೆಯ ಹೊತ್ತಿನಲ್ಲಿ ಅಲೆಯುವುದು ನ್ಯಾಯವಲ್ಲ. ಅಂಗವಿಕಲತೆಯ ತಪಾಸಣೆಯ ದಿನವೇ ಅದನ್ನೂ ಕೊಡುವಂತೆ ಜಿಲ್ಲಾಸ್ಪತ್ರೆಗಳಿಗೆ ಸೂಚಿಸಬೇಕು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 27ನೇ ಕಲಂ ಪುನರ್ವಸತಿಯನ್ನು ಸರ್ಕಾರದ ಹೊಣೆ ಎನ್ನುತ್ತದೆ. 81ನೇ ಕಲಂ ಪ್ರಕಾರ ತಾವು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಕ್ರಮ ಕೈಗೊಂಡು 3 ತಿಂಗಳೊಳಗೆ ತಮಗೆ ತಿಳಿಸಬೇಕು. ಆ ಶಿಫಾರಸನ್ನು ಮಾಡಬೇಕೆಂದೂ ಅದಕ್ಕೆ ಮುನ್ನ ಮಂಡ್ಯಕ್ಕೆ ಬಂದು ನಮ್ಮ ಅಹವಾಲನ್ನು ಖುದ್ದಾಗಿ ಕೇಳಬೇಕೆಂದೂ ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು ಮತ್ತು ಹೆಬ್ಬೆಟ್ಟುಗಳು)
ಸ್ಥಳ: ಮಂಡ್ಯ